ಓದು ಬಿಡಬೇಡ, ರಾಜ್ಯ ತಂಡದ ಬೆಂಚನ್ನೂ ಬಿಡಬೇಡ

17 ವರ್ಷ, ಸೆಕೆಂಡ್ ಪಿಯು, ಅಂಡರ್-18 ರಾಜ್ಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್ (ಬಾಲ್ ಮುಂದಕ್ಕೆ ತರುವವಳು), ಬೆಂಗಳೂರಿನ ಕಾಲೇಜೊಂದು ಸ್ಪೋರ್ಟ್ಸ್ ಸೀಟು ಕೊಡುತ್ತೇನೆ ಅಂತಿದೆ. ಪ್ರೊಫೆಷನಲ್ ಆಟಗಾರ್ತಿ ಆಗಬೇಕಾದರೆ ಓದು ನಿಲ್ಲಿಸಿಬಿಡಲಾ ಅಂತ ಕೇಳಿದ್ದೀಯ. ನಾನೂ ಮಂಡ್ಯದಿಂದ ಇದೇ ದಾರಿಯಲ್ಲಿ ಬಂದವಳು, ನಿನ್ನ ಹಾಗೇ ಗಾರ್ಡ್. ನಿನಗೆ ಅಕ್ಕನ ವಯಸ್ಸು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಜೂನಿಯರ್ ನ್ಯಾಷನಲ್ಸ್‌ನಲ್ಲಿ ನಾನು ಸ್ಟಾರ್ಟಿಂಗ್ ಫೈವ್, ಅಂದರೆ ಮೊದಲು ಕೋರ್ಟಿಗಿಳಿಯುವ ಐವರಲ್ಲಿ ಒಬ್ಬಳು. ನಮ್ಮ ತಂಡ ಕ್ವಾರ್ಟರ್ ಫೈನಲ್ ತನಕ ಹೋಯಿತು. ವಾಪಸ್ ಬರುವಷ್ಟರಲ್ಲಿ ಕಾಲೇಜಿನವರು ಅಪ್ಪನಿಗೆ ಫೋನ್ ಮಾಡಿದ್ದರು. ಫೀಸಿಲ್ಲ, ಹಾಸ್ಟೆಲ್ ಫ್ರೀ, ವರ್ಷಕ್ಕೆ ಎರಡು ಜೊತೆ ಶೂ. ಅಪ್ಪ ಆ ಶೂ ವಿಷಯವನ್ನು ಊರಿಗೆಲ್ಲ ಹೇಳಿಕೊಂಡು ಬಂದರು.

ಮೊದಲ ವರ್ಷವೇ ಸೀನಿಯರ್ ನ್ಯಾಷನಲ್ಸ್‌ಗೆ ರಾಜ್ಯ ತಂಡ ಆರಿಸುವ ಕ್ಯಾಂಪಿನ ಪ್ರಾಬಬಲ್ಸ್ (ಆಯ್ಕೆಯಾಗಬಹುದಾದವರ) ಪಟ್ಟಿಯಲ್ಲಿ ನನ್ನ ಹೆಸರು ಬಂತು. ಹೋದೆ. ಬೆಳಿಗ್ಗೆ ಫುಲ್ ಕೋರ್ಟ್ ಪ್ರೆಸ್ ಆಡಿಸಿದರು, ಅಂದರೆ ಇಡೀ ಕೋರ್ಟಿನಲ್ಲೂ ಎದುರಾಳಿಯನ್ನು ಬೆನ್ನು ಬಿಡದೆ ತಡೆಯುವುದು. ಬಾಲ್ ಕೈಗೆ ಬಂದ ಮೇಲೆ ಎಂಟು ಸೆಕೆಂಡಿನೊಳಗೆ ಸೆಂಟರ್ ಲೈನ್ ದಾಟಬೇಕಲ್ಲ, ನನ್ನನ್ನು ಕಾಯುತ್ತಿದ್ದ ಸೀನಿಯರ್ ಅಕ್ಕ ದಾಟಲಿಕ್ಕೇ ಬಿಡಲಿಲ್ಲ. ಬಲಗೈಗೆ ಹಾದಿ ಮುಚ್ಚಿ ಎಡಕ್ಕೆ ತಳ್ಳುತ್ತಿದ್ದರು. ಎಡಗೈಯಲ್ಲಿ ಎರಡು ಡ್ರಿಬಲ್ ಆಗುವಷ್ಟರಲ್ಲಿ ಬಾಲ್ ಅವರ ಕೈಯಲ್ಲಿ. ಜೂನಿಯರ್‌ನಲ್ಲಿ ನನ್ನ ಕೈಯಿಂದ ಯಾರೂ ಹಾಗೆ ಬಾಲ್ ಕಿತ್ತುಕೊಂಡಿರಲಿಲ್ಲ. ಇಲ್ಲಿ ಆಯ್ಕೆಯಾದರೂ ನಾನು ಹನ್ನೆರಡು ಜನರ ತಂಡದಲ್ಲಿ ಹನ್ನೆರಡನೆಯವಳು, ಬೆಂಚೇ ಗತಿ ಅಂತ ಗೊತ್ತಾಯಿತು.

ಅದೇ ವಾರ ಕಾಲೇಜಿಗೆ ಒಂದು ಪ್ರೈಜ್ ಮನಿ ಟೂರ್ನಮೆಂಟ್ ಇತ್ತು. ಕೋಚ್ ಫೋನ್ ಮಾಡಿ, ಕ್ಯಾಂಪ್ ವರ್ಷಾ ವರ್ಷ ಬರುತ್ತೆ, ಇಲ್ಲಿ ನೀನಿಲ್ಲದೆ ತಂಡ ಇಲ್ಲ ಅಂದರು. ನಾನು ಬ್ಯಾಗ್ ಎತ್ತಿಕೊಂಡು ಹೊರಟುಬಂದೆ.

ಇದೇ ನಾನು ಮಾಡಿದ ತಪ್ಪು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀನೂ ಇದೇ ಜಾಗಕ್ಕೆ ಬರುತ್ತೀಯ. ಅಲ್ಲಿ ಸುಮ್ನೆ ಬೆಂಚ್ ಕಾಯುವ ಬದಲು ಇಲ್ಲಿ ನಲವತ್ತು ನಿಮಿಷವೂ ಆಡಿದರೆ ಆಟ ಬೆಳೆಯುತ್ತದೆ ಅಂತ ನನ್ನ ಲೆಕ್ಕ. ಕೇಳಲಿಕ್ಕೆ ಸರಿಯಾಗೇ ಇದೆ ಅಲ್ವಾ? ಫೈನಲ್ ಗೆದ್ದೆವು, ತಮಟೆ ಹೊಡೆದರು, ಕೈಗೆ ಕವರ್ ಬಂತು, ಪೇಪರಿನಲ್ಲಿ ಫೋಟೋ ಬಂತು. ಮುಂದಿನ ವರ್ಷ ಕ್ಯಾಂಪಿಗೆ ಕರೆದಾಗ ನಾನು ಹೋಗಲೇ ಇಲ್ಲ. ಹನ್ನೆರಡನೇ ಆಟಗಾರ್ತಿಗೂ ಕ್ಯಾಪ್ಟನ್‌ಗೂ ಒಂದೇ ಸರ್ಟಿಫಿಕೇಟ್ ಅನ್ನೋದು ನನ್ನ ತಲೆಗೆ ಹೊಳೆದಿರಲಿಲ್ಲ. ತಂಡದ ಸ್ಥಾನ ಎಷ್ಟೋ ಅಷ್ಟೇ ಎಲ್ಲರ ಸ್ಥಾನ. ಎಷ್ಟು ನಿಮಿಷ ಆಡಿದೆ ಅಂತ ಆ ಕಾಗದದಲ್ಲಿ ಬರೆಯುವುದಿಲ್ಲ.

21ನೇ ವಯಸ್ಸಿನಲ್ಲಿ ಒಂದು ರೈಲ್ವೆ ವಲಯದ ಸ್ಪೋರ್ಟ್ಸ್ ಕೋಟಾ ಕೆಲಸದ ಪ್ರಕಟಣೆ ನೋಡಿ ಅರ್ಜಿ ಹಾಕಿದೆ. ಅದರಲ್ಲಿ ಒಟ್ಟು 100 ಅಂಕ. ಟ್ರಯಲ್ಸ್‌ನಲ್ಲಿ ಆಡಿ ತೋರಿಸುವುದಕ್ಕೆ 40, ಸಾಧನೆಯ ಸರ್ಟಿಫಿಕೇಟಿಗೆ 50, ಓದಿಗೆ 10. ಆ ಸಾಧನೆ ಕೂಡ ಆ ಹಣಕಾಸು ವರ್ಷ ಮತ್ತು ಅದರ ಹಿಂದಿನ ಎರಡು ವರ್ಷದೊಳಗಿನದ್ದಾಗಿರಬೇಕು. ಟೂರ್ನಮೆಂಟ್ ಮುಗಿದ ದಿನವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ನನ್ನ ಜೂನಿಯರ್ ನ್ಯಾಷನಲ್ಸ್ ಸರ್ಟಿಫಿಕೇಟಿನ ಕಾಲ ಅಷ್ಟರಲ್ಲಿ ಮುಗಿದಿತ್ತು. ಪ್ರೈಜ್ ಮನಿ ಟೂರ್ನಮೆಂಟುಗಳಿಗೆ ಅಲ್ಲಿ ಬೆಲೆಯಿಲ್ಲ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಬೆಲೆಯಿದೆ, ಆದರೆ ಮೊದಲ ಮೂರರಲ್ಲಿ ಬರಬೇಕು, ನಮ್ಮ ಯೂನಿವರ್ಸಿಟಿ ಅದರ ಹತ್ತಿರಕ್ಕೂ ಹೋಗಿರಲಿಲ್ಲ. ನನ್ನನ್ನು ಟ್ರಯಲ್ಸ್‌ಗೇ ಕರೆಯಲಿಲ್ಲ.

ಕ್ಯಾಂಪಿನಲ್ಲಿ ನಾನು ಬಿಟ್ಟುಬಂದ ಜಾಗಕ್ಕೆ ಹೋದವಳು ನನ್ನ ರೂಮ್‌ಮೇಟ್. ಎರಡು ಸೀನಿಯರ್ ನ್ಯಾಷನಲ್ಸ್‌ನಲ್ಲಿ ಅವಳು ಹೆಚ್ಚುಕಡಿಮೆ ಬೆಂಚಿನಲ್ಲೇ ಕೂತಿದ್ದಳು. ತಂಡ ಎಂಟರೊಳಗೆ ಬಂತು. ಅವಳಿಗೆ ಕೆಲಸ ಆಯಿತು. ಬರೀ ಕಾಗದದಿಂದ ಆಯಿತು ಅಂದುಕೊಳ್ಳಬೇಡ, ಟ್ರಯಲ್ಸ್‌ನಲ್ಲಿ 40ಕ್ಕೆ 25 ಬರದಿದ್ದರೆ ಅಲ್ಲೇ ಔಟ್. ನನ್ನ ಬಾಲ್ ಕಿತ್ತುಕೊಂಡ ಅದೇ ಅಕ್ಕನ ಎದುರು ಅವಳು ದಿನಾ ಪ್ರಾಕ್ಟೀಸ್ ಮಾಡಿದಳು. ನಾನು ನನಗಿಂತ ಕಡಿಮೆ ಆಡುವವರ ವಿರುದ್ಧ ಆಡಿ ಗೆಲ್ಲುತ್ತಿದ್ದೆ. ಎರಡು ವರ್ಷ ಕಳೆದ ಮೇಲೆ ನಾವಿಬ್ಬರೂ ಎದುರುಬದುರಾಗಿ ಆಡಿದಾಗ ನನಗೆ ಅವಳನ್ನು ತಡೆಯಲು ಆಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಓದಾ ಆಟಾನಾ ಅನ್ನೋ ನಿನ್ನ ಪ್ರಶ್ನೆಯೇ ಸರಿಯಿಲ್ಲ. ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ರೈಲ್ವೆ, ಪೊಲೀಸ್, ವಿದ್ಯುತ್ ಮಂಡಳಿ, ಬ್ಯಾಂಕುಗಳ ನೌಕರರು. ಕೇರಳದ ಗೀತು ಅನ್ನಾ ಜೋಸ್ ಹೆಸರು ಕೇಳಿರುತ್ತೀಯ. ದಕ್ಷಿಣ ರೈಲ್ವೆಯ ಆಟಗಾರ್ತಿ. ಆಸ್ಟ್ರೇಲಿಯಾದಲ್ಲಿ ಕ್ಲಬ್ ಪರ ಆಡಿದರು, 2011ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿನ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್ ಕೊಟ್ಟರು. ಅಲ್ಲಿ ಜಾಗ ಸಿಗಲಿಲ್ಲ, ಆದರೂ ಅವರ ಆಟ ನಿಲ್ಲಲಿಲ್ಲ, ಯಾಕೆಂದರೆ ಕೈಯಲ್ಲಿ ರೈಲ್ವೆ ಕೆಲಸ ಇತ್ತು. 2014ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅನಿತಾ ಪಾಲ್‌ದುರೈ ಕೂಡ ದಕ್ಷಿಣ ರೈಲ್ವೆಯವರೇ. ವರ್ಷಗಟ್ಟಲೆ ಭಾರತದ ಕ್ಯಾಪ್ಟನ್ ಆಗಿದ್ದರು, 2021ರಲ್ಲಿ ಪದ್ಮಶ್ರೀ.

ಲೀಗ್ ಬರುತ್ತೆ ಅಂತ ಕಾಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹುಡುಗರಿಗೆ ಯುಬಿಎ ಅಂತ ಒಂದು ಲೀಗ್ 2015ರಲ್ಲಿ ಶುರುವಾಯಿತು, 2017ಕ್ಕೇ ನಿಂತಿತು. ಪಂಜಾಬಿನ ಸತ್ನಾಮ್ ಸಿಂಗ್‌ನನ್ನು 2015ರಲ್ಲಿ ಅಮೆರಿಕದ ಪುರುಷರ ಲೀಗ್ ಎನ್‌ಬಿಎಯ ಡ್ರಾಫ್ಟಿನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸುವುದು) 52ನೆಯವನಾಗಿ ಡಲ್ಲಾಸ್ ತಂಡ ಆರಿಸಿದಾಗ ನಮ್ಮ ಹಾಸ್ಟೆಲ್ಲಿನಲ್ಲಿ ಕುಣಿದಿದ್ದೆವು. ಏಳಡಿಗೂ ಎತ್ತರದ ಆ ಹುಡುಗನಿಗೂ ಎನ್‌ಬಿಎಯಲ್ಲಿ ಒಂದು ಮ್ಯಾಚ್ ಆಡಲು ಸಿಗಲಿಲ್ಲ. ಲೀಗ್ ಬಂದರೆ ಆಡು, ಖಂಡಿತ ಆಡು. ಅದನ್ನು ನಂಬಿ ಡಿಗ್ರಿ ಬಿಡಬೇಡ.

ಕೆಲಸ ಸಿಕ್ಕವರ ಬದುಕೂ ಸುಲಭದ್ದಲ್ಲ. ನನ್ನ ಆ ರೂಮ್‌ಮೇಟ್ ಗೆಳತಿ ಬೆಳಿಗ್ಗೆ ಆರಕ್ಕೆ ಕೋರ್ಟಿನಲ್ಲಿರುತ್ತಾಳೆ, ಆಮೇಲೆ ಆಫೀಸಿಗೆ ಹೋಗಿ ಸೈನ್ ಮಾಡಿ ಫೈಲು ನೋಡುತ್ತಾಳೆ, ಸಂಜೆ ಮತ್ತೆ ಕೋರ್ಟು. ಕ್ಯಾಂಪಿಗೆ ರಜೆ ಕೊಡುತ್ತಾರೆ, ಮೆಡಲ್ ಬಂದರೆ ಬಡ್ತಿಯೂ ಇದೆ. ಮಂಡಿ ನೋವಾದರೂ ತಿಂಗಳ ಸಂಬಳ ಬರುತ್ತದೆ. ಆ ಒಂದು ಧೈರ್ಯದಲ್ಲೇ ಅವಳು ಮೂವತ್ತು ದಾಟಿದ ಮೇಲೂ ಆಡುತ್ತಿದ್ದಾಳೆ.

2017ರ ಜುಲೈನಲ್ಲಿ ಮಹಿಳಾ ಏಷ್ಯಾ ಕಪ್ ಬಿ ಡಿವಿಷನ್ ಪಂದ್ಯಗಳು ನಮ್ಮ ಕಂಠೀರವದಲ್ಲೇ ನಡೆದವು. ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75-73ರಲ್ಲಿ ಸೋಲಿಸಿ ಎ ಡಿವಿಷನ್‌ಗೆ ಏರಿತು. ನಾನು ಗ್ಯಾಲರಿಯಲ್ಲಿದ್ದೆ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಆಮೇಲೆ ಮನೆಗೆ ಹೋಗಿ ತುಂಬಾ ಅತ್ತೆ. ನಾನು ಆ ತಂಡದಲ್ಲಿ ಇರುತ್ತಿದ್ದೆ ಅಂತ ಹೇಳುವುದಿಲ್ಲ, ಅಷ್ಟು ಆಟ ನನ್ನಲ್ಲಿತ್ತೋ ಇಲ್ಲವೋ. ಅದನ್ನು ಪರೀಕ್ಷೆ ಮಾಡಿಕೊಳ್ಳುವ ಜಾಗವನ್ನೇ ಬಿಟ್ಟುಬಂದಿದ್ದೆನಲ್ಲ, ಅದಕ್ಕೆ ಅಳು. ಡಿಗ್ರಿ ಮುಗಿಸಿದ್ದರಿಂದ ಬಿಪಿಎಡ್ ಮಾಡಲು ಆಯಿತು. ಈಗ ಶಾಲೆಯೊಂದರಲ್ಲಿ ಪಿಟಿ ಟೀಚರ್, ಸಂಜೆ ಹುಡುಗಿಯರಿಗೆ ಕೋಚಿಂಗ್. ಓದು ಬಿಟ್ಟಿದ್ದರೆ ಇದೂ ಇರುತ್ತಿರಲಿಲ್ಲ.

ಕಾಲೇಜಿನ ಸೀಟು ತಗೋ. ಆದರೆ ರಾಜ್ಯ ತಂಡದ ಕ್ಯಾಂಪಿಗೆ, ನ್ಯಾಷನಲ್ಸ್‌ಗೆ ಕಳಿಸುತ್ತೇವೆ, ಆ ದಿನಗಳ ಹಾಜರಾತಿ ಕೊಡುತ್ತೇವೆ ಅಂತ ಸೇರುವ ಮೊದಲೇ ಬರವಣಿಗೆಯಲ್ಲಿ ಕೇಳು, ಅಪ್ಪ ಅಮ್ಮನ ಎದುರಿಗೇ ಕೇಳು. ಕೊಡದಿದ್ದರೆ ಬೇರೆ ಕಾಲೇಜು ನೋಡು, ಫೀಸು ಕಟ್ಟಬೇಕಾಗಿ ಬಂದರೂ ಸರಿ. ನ್ಯಾಷನಲ್ಸ್ ಮುಗಿಸಿ ಬಂದ ಕೂಡಲೇ ಫಾರ್ಮ್-2ಕ್ಕೆ (ನ್ಯಾಷನಲ್ಸ್ ಆಡಿದ್ದಕ್ಕೆ ಕೆಲಸದ ಅರ್ಜಿಯ ಜೊತೆ ಕೊಡುವ ಪ್ರಮಾಣಪತ್ರ) ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ ಹಾಕಿಸಿಕೋ. ಟೂರ್ನಮೆಂಟಿನ ತಾರೀಕು, ತಂಡದ ಸ್ಥಾನ ಸರಿಯಾಗಿ ಬರೆದಿದ್ದಾರಾ ಅಂತ ಅಲ್ಲೇ ನಿಂತು ನೋಡು. ರೈಲ್ವೆ ಸ್ಪೋರ್ಟ್ಸ್ ಕೋಟಾಕ್ಕೆ 18ರಿಂದ 25 ವರ್ಷದೊಳಗೆ ಅರ್ಜಿ ಹಾಕಬೇಕು, ವಯಸ್ಸಿನಲ್ಲಿ ರಿಯಾಯಿತಿ ಇಲ್ಲ. ನಿನ್ನ ಕೈಯಲ್ಲಿರುವ ಕಾಲ ಅಷ್ಟೇ.

ಎತ್ತರ ಐದಡಿ ನಾಲ್ಕಿಂಚು, ಸಾಕಾಗುತ್ತಾ ಅಂತಲೂ ಕೇಳಿದ್ದೀಯ. ಗಾರ್ಡ್‌ಗೆ ಸಾಕು. ಎಡಗೈ ಮಾತ್ರ ಈಗಿನಿಂದಲೇ ತಯಾರು ಮಾಡು. ನಿನಗಿಂತ ಜೋರಾಗಿ ಓಡುವ ಹುಡುಗರನ್ನು ಎದುರಿಗೆ ನಿಲ್ಲಿಸಿಕೊಂಡು, ಬರೀ ಎಡಗೈಯಲ್ಲಿ ಬಾಲ್ ತಂದು ಸೆಂಟರ್ ಲೈನ್ ದಾಟುವುದನ್ನು ಕಲಿ.