ವೈರಸ್ ತೆಗೆದ ಮೇಲೆ ಕಂಪ್ಯೂಟರ್‌ನಲ್ಲಿ ಸೌಂಡೇ ಇಲ್ಲ, ಏನು ಮಾಡಲಿ?

ವಿಂಡೋಸ್ ಅಂದುಕೊಂಡು ಹೇಳ್ತೀನಿ. ಸ್ಪೀಕರ್ ಕೆಟ್ಟಿರೋ ಸಾಧ್ಯತೆ ಕಡಿಮೆ. ಹೆಡ್‌ಫೋನ್ ಹಾಕಿದರೂ ನಿಶ್ಶಬ್ದ ಅಂದ್ರೆ ತೊಂದರೆ ಒಳಗಡೆಯೇ ಇದೆ. ವೈರಸ್ಸೋ, ಅದನ್ನು ತೆಗೆಯಲು ಹೋದ ಆಂಟಿವೈರಸ್ಸೋ ಸೌಂಡಿನ ಸರ್ವಿಸನ್ನು (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮನ್ನು) ನಿಲ್ಲಿಸಿರಬಹುದು, ಇಲ್ಲವೇ ಯಾವುದೋ ಫೈಲ್ ಅಳಿಸಿರಬಹುದು.

ಮೊದಲು ಪೂರ್ತಿ ಸ್ಕ್ಯಾನ್ ಮಾಡಿ. ವೈರಸ್ ಉಳಿದಿದ್ದರೆ ಇವತ್ತು ಸರಿ ಮಾಡಿದ್ದು ನಾಳೆ ಮತ್ತೆ ಕೆಡುತ್ತೆ.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ 'ಸರ್ವಿಸಸ್' ಹುಡುಕಿ ತೆರೆಯಿರಿ. ಉದ್ದದ ಪಟ್ಟಿಯಲ್ಲಿ ಕೆಳಗೆ 'ವಿಂಡೋಸ್ ಆಡಿಯೋ', ಅದರ ಪಕ್ಕದಲ್ಲೇ 'ವಿಂಡೋಸ್ ಆಡಿಯೋ ಎಂಡ್‌ಪಾಯಿಂಟ್ ಬಿಲ್ಡರ್' ಸಿಗುತ್ತವೆ. ಎರಡನೆಯದು ಓಡದಿದ್ದರೆ ಮೊದಲನೆಯದು ಏಳೋದೇ ಇಲ್ಲ, ಹಾಗಾಗಿ ಎರಡನೆಯದನ್ನೇ ಮೊದಲು ಡಬಲ್ ಕ್ಲಿಕ್ ಮಾಡಿ, ಸ್ಟಾರ್ಟಪ್ ಟೈಪ್ 'ಆಟೋಮ್ಯಾಟಿಕ್' ಇಟ್ಟು 'ಸ್ಟಾರ್ಟ್' ಒತ್ತಿ. ಇನ್ನೊಂದಕ್ಕೂ ಹಾಗೇ. ಬಹಳ ಸಲ ಇಷ್ಟಕ್ಕೇ ಸೌಂಡ್ ಬಂದುಬಿಡುತ್ತೆ.

ಸ್ಟಾರ್ಟ್ ಆಗದೆ ಎರರ್ ಬಂದರೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು sfc /scannow ಎಂದು (sfc ಆದ ಮೇಲೆ ಒಂದು ಜಾಗ ಬಿಟ್ಟು) ಟೈಪಿಸಿ ಎಂಟರ್ ಕೊಡಿ. ಹಾಳಾದ ಸಿಸ್ಟಮ್ ಫೈಲುಗಳನ್ನು ಅದು ಹುಡುಕಿ ಸರಿಪಡಿಸುತ್ತೆ. ನಿಧಾನ, ಮಧ್ಯೆ ಮುಚ್ಚಬೇಡಿ.

ಇನ್ನೂ ಇಲ್ಲವಾ? ಡಿವೈಸ್ ಮ್ಯಾನೇಜರಿನಲ್ಲಿ ಸೌಂಡ್ ಡಿವೈಸನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿ. ಡ್ರೈವರ್, ಅಂದ್ರೆ ಆ ಡಿವೈಸನ್ನು ನಡೆಸೋ ಸಾಫ್ಟ್‌ವೇರ್, ಸಾಮಾನ್ಯವಾಗಿ ತಾನೇ ಬರುತ್ತೆ. ಬರದಿದ್ದರೆ ಕಂಪ್ಯೂಟರ್ ತಯಾರಕರ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. 'ಉಚಿತ ಡ್ರೈವರ್ ಅಪ್‌ಡೇಟರ್'ಗಳ ಸಹವಾಸ ಬೇಡ, ಮತ್ತೆ ವೈರಸ್ ಬರೋ ದಾರಿಯೇ ಅದು.