ವರ್ಜೀನಿಯಾ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಟೀಮ್‌ನ 2018-19ರ ಸೀಸನ್ ಬಗ್ಗೆ ಜನ ಯಾಕೆ ಇಷ್ಟೊಂದು ಮಾತಾಡ್ತಾರೆ?

ಅದಕ್ಕಿಂತ ಹಿಂದಿನ ವರ್ಷ ಏನಾಯ್ತು ಅಂತ ಗೊತ್ತಾದ್ರೆ ಅರ್ಥ ಆಗುತ್ತೆ. ಅಮೆರಿಕದ ಕಾಲೇಜ್ ಟೂರ್ನಮೆಂಟಲ್ಲಿ ಟೀಮ್‌ಗಳಿಗೆ 1ರಿಂದ 16ರವರೆಗೆ ಸೀಡ್ (ಬಲದ ಪ್ರಕಾರ ಕೊಡೋ ಸ್ಥಾನ, 1 ಅಂದ್ರೆ ಬಲಿಷ್ಠ, 16 ಅಂದ್ರೆ ದುರ್ಬಲ) ಕೊಡ್ತಾರೆ, ಮೊದಲನೇ ಸುತ್ತಲ್ಲೇ 1ನೇ ಸೀಡ್ ಮತ್ತೆ 16ನೇ ಸೀಡ್ ಆಡಬೇಕು, ಗಂಡಸರ ಟೂರ್ನಮೆಂಟಲ್ಲಿ 1ನೇ ಸೀಡ್ ಹಿಂಗೆ ಸೋತಿದ್ದೇ ಇರ್ಲಿಲ್ಲ, 2018ರಲ್ಲಿ ವರ್ಜೀನಿಯಾ ಯುಎಂಬಿಸಿ ಅನ್ನೋ ಟೀಮ್ ಕೈಲಿ 74-54ಕ್ಕೆ ಸೋಲೋವರೆಗೂ. ಅವರ ಒಳ್ಳೆ ಆಟಗಾರ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರ್ಕೊಂಡು ಆ ಮ್ಯಾಚ್ ಆಡಿರ್ಲಿಲ್ಲ.

ಅದೇ ಕೋಚ್ ಟೋನಿ ಬೆನೆಟ್, ಹೆಚ್ಚುಕಮ್ಮಿ ಅದೇ ಹುಡುಗರು, ಮುಂದಿನ ವರ್ಷ 35 ಗೆದ್ದು 3 ಮಾತ್ರ ಸೋತ್ರು. ಆ ಟೂರ್ನಮೆಂಟನ್ನೂ ಗೆದ್ರು, ಆದ್ರೆ ಸುಲಭಕ್ಕಂತೂ ಗೆಲ್ಲಲಿಲ್ಲ. ಪರ್ಡ್ಯೂ ಟೀಮ್ ಮೇಲೆ ಕೊನೇ ಕ್ಷಣದಲ್ಲಿ ವರ್ಜೀನಿಯಾದ ಡಿಯಾಕಿಟೆ ಹಾಕಿದ ಬಾಸ್ಕೆಟ್ನಿಂದ ಸ್ಕೋರ್ ಸಮ ಆಗಿ ಓವರ್‌ಟೈಮಲ್ಲಿ ಗೆದ್ರು, ಸೆಮಿಫೈನಲಲ್ಲಿ ಆಬರ್ನ್ ಎದುರು 2 ಪಾಯಿಂಟ್ ಹಿಂದಿದ್ದಾಗ, ಇನ್ನು 0.6 ಸೆಕೆಂಡ್ ಅಷ್ಟೇ ಇದ್ದಾಗ, ವರ್ಜೀನಿಯಾದ ಕೈಲ್ ಗೈ 3 ಫ್ರೀ ಥ್ರೋನೂ (ಫೌಲ್ ಆದಾಗ ಸಿಗೋ, ಒಂದೊಂದು ಪಾಯಿಂಟಿನ ಎಸೆತ) ಹಾಕ್ಬಿಟ್ಟ, 63-62. ಆ ಒತ್ತಡದಲ್ಲಿ ಮೂರಕ್ಕೆ ಮೂರು ಹಾಕೋದಿದ್ಯಲ್ಲ, ನನಗೆ ಇಡೀ ಸೀಸನಲ್ಲಿ ಅದೇ ದೊಡ್ಡದು. ಫೈನಲಲ್ಲಿ ಟೆಕ್ಸಸ್ ಟೆಕ್ ವಿರುದ್ಧ ಮತ್ತೆ ಓವರ್‌ಟೈಮ್, 85-77, ಹಂಟರ್ ಒಬ್ಬನೇ 27 ಪಾಯಿಂಟ್. ವರ್ಜೀನಿಯಾಗೆ ಅದೇ ಮೊದಲ ಟೈಟಲ್.