ಮನೆಮಾತು ಒಂದು, ಬರೆಯುವ ಮಾತು ಇನ್ನೊಂದು

ಗಡಿನಾಡಿನ ಎರಡು ಬರಹಗಳನ್ನು ಇಟ್ಟುಕೊಂಡು ಭಾಷೆ ಮತ್ತು ಗುರುತಿನ ಬಗ್ಗೆ ತುಲನೆ ಬರೆಯಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಕಾಸರಗೋಡಿನವ. ಇಲ್ಲಿಯ ಬದುಕು ನೋಡಿ ಹೇಳುವುದಾದರೆ, ಮನೆಯಲ್ಲಿ ಆಡುವ ಮಾತೇ ಮನುಷ್ಯನ ಗುರುತು ಅನ್ನುವ ಲೆಕ್ಕವನ್ನು ಮೊದಲು ಬಿಟ್ಟುಬಿಡಿ.

ನಮ್ಮ ಮನೆಯಲ್ಲಿ ತುಳು. ಪಕ್ಕದ ಮನೆಯಲ್ಲಿ ಬ್ಯಾರಿ, ಅದರಾಚೆ ಕೊಂಕಣಿ, ಗುಡ್ಡೆಯ ಮೇಲಿನವರದ್ದು ಹವ್ಯಕ ಕನ್ನಡ. ದೈವ ನುಡಿ ಕೊಡುವುದು ತುಳುವಿನಲ್ಲಿ, ರಾತ್ರಿಯಿಡೀ ಕೂತು ನೋಡುವ ಯಕ್ಷಗಾನ ಹೆಚ್ಚಾಗಿ ಕನ್ನಡದಲ್ಲಿ. ಆದರೂ ನಾನು ಯಾರೆಂದು ಕೇಳಿದರೆ ಕನ್ನಡಿಗ ಅಂತಲೇ ಹೇಳುವುದು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿದಾಗ ಈ ಮನೆಮಾತುಗಳೇನೂ ಬದಲಾಗಲಿಲ್ಲ. ಬದಲಾಗುತ್ತಾ ಬಂದದ್ದು ಅರ್ಜಿಯ ಭಾಷೆ.

ಅಪ್ಪ ಪೇಟೆಯಲ್ಲಿ ಮಲಯಾಳ ಸಲೀಸಾಗಿ ಮಾತಾಡುತ್ತಾರೆ. ಓದಲು ಬರುವುದಿಲ್ಲ. ಒಮ್ಮೆ ಜಾಗದ ವಿಷಯಕ್ಕೆ ಕಚೇರಿಯೊಂದರಿಂದ ಕಾಗದ ಬಂತು, ಪೂರ್ತಿ ಮಲಯಾಳದಲ್ಲಿ. ಪಕ್ಕದ ಮನೆಯ ಹುಡುಗನನ್ನು ಕರೆದು, "ಮೋನೇ, ಇದೊಂದು ಓದು" ಅಂದರು. ಅವನು ಓದಿದ. ಅಪ್ಪನಿಗೆ ಒಂದೊಂದು ಮಾತೂ ಅರ್ಥವಾಯಿತು. ಆದರೆ ತನ್ನ ಜಾಗದ ಕಾಗದವನ್ನು ತಾನೇ ಓದಲಾಗದ ಸಂಕಟ ಇತ್ತಲ್ಲ, ಅದನ್ನು ನಾನು ಮರೆತಿಲ್ಲ. ಅಪ್ಪನಿಗೆ ಮಲಯಾಳದ ಮೇಲೆ ಸಿಟ್ಟಿಲ್ಲ. ಅವರು ಕಲಿತ ಅಕ್ಷರ ಕನ್ನಡ, ಅದರಲ್ಲಿ ಒಂದು ಕಾಗದ ಬರಲಿ ಅನ್ನುವುದಷ್ಟೇ ಅವರ ಆಸೆ.

ಈಗ ಬರಹಕ್ಕೆ ಬನ್ನಿ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. 1949ರಲ್ಲಿ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿದ್ದು ಅವರನ್ನು ಕನ್ನಡದ ಕವಿಯಾಗಿ. ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತು ತುಳು. ತುಳುವಿನಲ್ಲೂ ಬರೆದರು, ಕನ್ನಡದಲ್ಲೂ ಬರೆದರು, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಕೊನೆಯವರೆಗೂ ಹಂಬಲಿಸಿದರು. ಇಬ್ಬರನ್ನೂ ಸುಮ್ನೆ 'ಕನ್ನಡಾಭಿಮಾನಿಗಳು' ಅಂತ ಒಂದೇ ಸಾಲಿನಲ್ಲಿ ಕೂರಿಸಿದರೆ ತುಲನೆ ಅಲ್ಲಿಗೇ ಮುಗಿಯಿತು, ಅಲ್ವಾ? ಪೈಗಳ ಕಾವ್ಯ ಹೆಚ್ಚಾಗಿ 1956ಕ್ಕಿಂತ ಮೊದಲಿನದು. ಆಗ ಇಲ್ಲಿ ರಾಜ್ಯದ ಗಡಿಯೇ ಇರಲಿಲ್ಲ. ಕನ್ನಡ ಅವರು ಒಲಿದು ಆರಿಸಿಕೊಂಡ ಭಾಷೆ. ರೈಗಳ ಕಾಲಕ್ಕೆ ಅದೇ ಕನ್ನಡ ಕೈತಪ್ಪಿ ಹೋಗುತ್ತಿರುವ ಮನೆಯಾಗಿತ್ತು. ಭಾಷೆ ಒಂದೇ, ಅದರ ಮೇಲಿನ ಭಾರ ಬೇರೆ. ನನ್ನ ಪ್ರಕಾರ ನಿಮ್ಮ ಬರಹ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು.

ಮೊದಲ ಅರ್ಧ ಒಂದು ಕೃತಿಗೆ, ಉಳಿದರ್ಧ ಇನ್ನೊಂದಕ್ಕೆ ಅಂತ ಹಂಚಬೇಡಿ. ಒಂದು ಪ್ರಶ್ನೆ ಹಿಡಿದು ಎರಡರೊಳಗೂ ಹೋಗಿ. ಪಾತ್ರ ಮಾತು ಬದಲಿಸುವಾಗ ಎದುರಿಗೆ ಯಾರಿದ್ದಾರೆ? ಮನೆಯವರಾ, ಅಧಿಕಾರಿಯಾ? ಬೇರೆ ಭಾಷೆಯ ಪದಕ್ಕೆ ಲೇಖಕರು ಅರ್ಥ ಕೊಟ್ಟಿದ್ದಾರಾ, ಹಾಗೇ ಬಿಟ್ಟಿದ್ದಾರಾ? ಅರ್ಥ ಕೊಟ್ಟಿದ್ದರೆ ಅದು ಹೊರಗಿನವರಿಗಾಗಿ ಬರೆದದ್ದು.

ಊರ ಹೆಸರುಗಳನ್ನಂತೂ ಬಿಡಲೇಬೇಡಿ. ಕನ್ನಡದಲ್ಲಿ ನಾವು ಕುಂಬಳೆ ಅನ್ನುತ್ತೇವೆ, ಮಲಯಾಳದಲ್ಲಿ ಅದು ಕುಂಬಳ. ನಮ್ಮ ಮಂಜೇಶ್ವರ ಅಲ್ಲಿ ಮಂಜೇಶ್ವರಂ. ನಿಮ್ಮ ಎರಡು ಬರಹಗಳಲ್ಲಿ ಒಂದೇ ಊರು ಎರಡು ಹೆಸರಲ್ಲಿ ಬಂದಿದ್ದರೆ, ಆ ಎರಡು ಸಾಲುಗಳನ್ನು ಪಕ್ಕಪಕ್ಕ ಬರೆದುಕೊಂಡು ಅಲ್ಲಿಂದಲೇ ಶುರು ಮಾಡಿ.